ಗಾಳಿಗೌಡನ ಉಸಿರು

ಹೇಮಶ್ರೀ ಹುಟ್ಟಾ ಪುಕ್ಕಲಿಯೇನಲ್ಲ. ಕತ್ತಲೆಗೆ ಹೆದರಿದವಳಲ್ಲ, ಹಾವಿಗೆ ಹೆದರಿದವಳಲ್ಲ, ಕಿಕ್ಕೇರಿಯ ಹೈಸ್ಕೂಲಿನಲ್ಲಿ ಗಂಡುಹುಡುಗರನ್ನೇ ಗಡಗಡ ನಡುಗಿಸುತ್ತಿದ್ದ ಲೆಕ್ಕದ ಮೇಷ್ಟ್ರಿಗೂ ಹೆದರಿದವಳಲ್ಲ. ಅವಳಿಗೆ ಹೆದರಿಕೆ ಅಂಟಿಕೊಂಡದ್ದು ಹಿಂದಿನ ವರ್ಷ ಯುಗಾದಿಯ ಮಾರನೆಯ ಬೆಳಿಗ್ಗೆ. ಹಾಲಿನ ಕ್ಯಾನು ಎತ್ತಲು ಬಗ್ಗಿದ ಅಪ್ಪ ಮತ್ತೆ ನೆಟ್ಟಗಾಗದೆ ಕೊಟ್ಟಿಗೆಯ ನೆಲಕ್ಕೆ ಕುಸಿದಿದ್ದ. ಮೈಸೂರಿನ ಡಾಕ್ಟರು ಹದಿನೆಂಟು ದಿನ ಇಟ್ಟುಕೊಂಡು, ಕಳಿಸುವಾಗ ಅವಳನ್ನು ಬದಿಗೆ ಕರೆದು ಹೇಳಿದ್ದರು: ಭಾರ ಎತ್ತಿಸಬೇಡಿ, ಓಡಿಸಬೇಡಿ, ಉಸಿರು ಬಿಗಿಹಿಡಿದು ತಿಣುಕುವಂಥ ಯಾವ ಕೆಲಸವನ್ನೂ ಮಾಡಿಸಬೇಡಿ. ಅಂದಿನಿಂದ ಅಪ್ಪ ಕೆಮ್ಮಿದರೂ ಅವಳಿಗೆ ಎದೆ ಧಸಕ್ಕೆನ್ನುತ್ತಿತ್ತು.

ಅಪ್ಪ ಚಲುವರಾಜುವಿಗೆ ಮಾತ್ರ ಅಂಥ ಯಾವ ಅಂಜಿಕೆಯೂ ಇರಲಿಲ್ಲ. ಒಂದು ಕಾಲಕ್ಕೆ ತಾಲ್ಲೂಕಿಗೇ ಹೆಸರಾದ ಕಬಡ್ಡಿ ಆಟಗಾರ. ಎದುರು ಪಾಳೆಯಕ್ಕೆ ನುಗ್ಗಿದರೆ ಇವನ ಉಸಿರು ಮುಗಿಯುವಷ್ಟರಲ್ಲಿ ನೋಡುವವರ ಉಸಿರು ಮುಗಿಯುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರಂತೆ. ಮಂಡಿ ಮುರಿದು ಮೈದಾನ ಬಿಟ್ಟ ಮೇಲೂ ಆಟ ಬಿಡಲಿಲ್ಲ. ಕಬಡ್ಡಿಯನ್ನು ಹಲಗೆಯ ಮೇಲೆ ಎತ್ತಿಟ್ಟುಕೊಂಡ, ಅಷ್ಟೆ.

ಆ ಹಲಗೆಯಾಟದ ಹೆಸರು ರಕ್ಕಸರ ಕಬಡ್ಡಿ. ನಾಗಮಂಗಲದ ಹೈಸ್ಕೂಲಿನಲ್ಲಿ ಆಗ ಡ್ರಾಯಿಂಗ್ ಮೇಷ್ಟ್ರಾಗಿದ್ದ ಶ್ರೀನಿವಾಸಮೂರ್ತಿಯವರೂ ಚಲುವರಾಜುವೂ ಸೇರಿ ಕಟ್ಟಿದ್ದು. ಒಂದು ಕಡೆ ಏಳು ಜನ ಊರಿನವರು, ಇನ್ನೊಂದು ಕಡೆ ಏಳು ಜನ ರಕ್ಕಸರು. ಶ್ರೀರಂಗಪಟ್ಟಣದ ಹೊಳೆ ಮರಳಿನಲ್ಲಿ ಮೊದಲ ಸುತ್ತು, ಪಾಂಡವಪುರದ ಬೆಟ್ಟದ ಬಂಡೆಯ ಮೇಲೆ ಎರಡನೆಯದು, ಕೆ.ಆರ್.ಪೇಟೆಯ ಸಂತೆಮಾಳದಲ್ಲಿ ಮೂರನೆಯದು, ನಾಗಮಂಗಲದ ಮೈದಾನದಲ್ಲಿ ಕೊನೆಯದು. ಈ ನಾಲ್ಕನ್ನೂ ಮೇಷ್ಟ್ರು ಹಲಗೆಯ ಮೇಲೆ ಬಣ್ಣದಲ್ಲಿ ಬರೆದಿದ್ದರು. ಹಾಲುವಾಣದ ಮರದಲ್ಲಿ ಕೆತ್ತಿದ ಕಾಯಿಗಳಿಗೆಲ್ಲ ಹೆಸರಿತ್ತು. ರಕ್ಕಸರಲ್ಲಿ ಒಂಟಿಗಣ್ಣ, ಕೋರೆಕಾಳ. ಊರಿನವರಲ್ಲಿ ಬಂಡೆಬಸವ, ಕುಂಟೀರ, ಎಲ್ಲರಿಗಿಂತ ಹಿಂದೆ ಗಾಳಿಗೌಡ. ಜಿರಲೆ ಕಂಡರೆ ಮೇಜು ಹತ್ತುತ್ತಿದ್ದ ಮೂರ್ತಿ ಮೇಷ್ಟ್ರು ಇಪ್ಪತ್ತೆಂಟು ವರ್ಷವೂ ರಕ್ಕಸರನ್ನೇ ಆಡಿಸಿದರು.

ಬೇರೆ ಹಲಗೆಯಾಟಕ್ಕೂ ಇದಕ್ಕೂ ಒಂದು ವ್ಯತ್ಯಾಸವಿತ್ತು. ಕಾಯಿ ನಡೆಸುವವನು ನಿಜವಾಗಿಯೂ ಉಸಿರು ಕಟ್ಟಿ 'ಕಬಡ್ಡಿ ಕಬಡ್ಡಿ' ಎನ್ನಬೇಕು. ಒಂದೇ ಉಸಿರಿನಲ್ಲಿ ರಕ್ಕಸರ ಪಾಳೆಯಕ್ಕೆ ಹೋಗಿ ಹಿಂದಿರುಗಬೇಕು. ನಡುವೆ ಉಸಿರು ತಪ್ಪಿದರೆ ಕಾಯಿ ಸತ್ತಂತೆ, ಅಡ್ಡ ಮಲಗಿಸಬೇಕು. ಕೊನೆಯ ಸುತ್ತಿನಲ್ಲಿ ಏಳರಲ್ಲಿ ಒಬ್ಬನೇ ಉಳಿದರೆ ಅವನು ರಕ್ಕಸರ ಹಿಂದಿನ ಗೋಡೆ ಮುಟ್ಟಿ ಬರಬೇಕು. ಬೇರೆಯವರಿಗಿಂತ ಎರಡು ಪಟ್ಟು ದೂರ, ಅದೂ ಒಂದೇ ಉಸಿರಿನಲ್ಲಿ. ಬಂದರೆ ಸತ್ತ ಆರು ಜನವೂ ಎದ್ದು ನಿಲ್ಲುತ್ತಾರೆ. ಬಾರದಿದ್ದರೆ ಊರು ರಕ್ಕಸರ ಪಾಲು.

ನಿವೃತ್ತರಾದ ಮೇಲೆ ಮೇಷ್ಟ್ರು ಶ್ರೀರಂಗಪಟ್ಟಣದ ತಮ್ಮ ಮನೆಗೆ ಬಂದು ನೆಲೆಸಿದರು. ಭಾನುವಾರ ಬಂತೆಂದರೆ ಚಲುವರಾಜು ಇಸ್ತ್ರಿಯ ಅಂಗಿ ತೊಟ್ಟು ಬಸ್ಸು ಹತ್ತುತ್ತಿದ್ದ. ಎದೆನೋವು ಬಂದು ಹೋದ ಮೇಲೂ ಹತ್ತಿದ. ಹೇಮಶ್ರೀ ಕೂಗಾಡಿ ಕೊನೆಗೆ ತಾನೂ ಒಂದು ಭಾನುವಾರ ಜೊತೆಗೆ ಹೋಗಿ ಮೇಷ್ಟ್ರ ಮುಂದೆಯೇ ಡಾಕ್ಟರು ಹೇಳಿದ್ದನ್ನು ಒಪ್ಪಿಸಿದ್ದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತ, "ನೀನು ಧೈರ್ಯವಾಗಿ ಹೋಗಮ್ಮ. ನಾನಿದ್ದೀನಲ್ಲ, ನೋಡ್ಕೋತೀನಿ" ಎಂದಿದ್ದರು. ಹಿರಿಯರು ಸಮಾಧಾನಕ್ಕೆ ಆಡುವ ಮಾತು ಎಂದು ಅವಳು ಸುಮ್ಮನಾಗಿದ್ದಳು.

ಆ ಮೂರ್ತಿ ಮೇಷ್ಟ್ರು ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಏಳಲೇ ಇಲ್ಲ.

ಸುದ್ದಿ ಕೇಳಿ ಅಪ್ಪ ಶ್ರೀರಂಗಪಟ್ಟಣಕ್ಕೆ ಹೋದ. ಹೆಣ ಎತ್ತುವವರೆಗೂ ಬೀದಿಯ ಆಚೆ ಬದಿಯಲ್ಲಿ ನಿಂತಿದ್ದು, ಯಾರೊಂದಿಗೂ ಮಾತಾಡದೆ, ಒಂದು ಹನಿ ಕಣ್ಣೀರು ಹಾಕದೆ ವಾಪಸು ಬಸ್ಸು ಹತ್ತಿದ. ಮುಂದಿನ ಭಾನುವಾರ ಇಸ್ತ್ರಿಯ ಅಂಗಿ ತೊಟ್ಟು ಬಾಗಿಲಲ್ಲಿ ಕುಳಿತ. ದಾರಿಯಲ್ಲಿ ಹೋಗುತ್ತಿದ್ದ ಹೊನ್ನಪ್ಪ, "ಏನ್ ಚಲುವಣ್ಣ, ಪಟ್ಣಕ್ಕೆ ಓಗ್ನಿಲ್ವಾ?" ಎಂದು ಮರೆತು ಕೇಳಿದ.

"ಮೂರ್ತಿ ತೀರ್ಥಯಾತ್ರೆಗೆ ಓಗವ್ನೆ ಕಣ್ಲಾ. ಬಂದ್ಮೇಕೆ ಓಯ್ತೀನಿ" ಎಂದ ಅಪ್ಪ.

ಒಳಗೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದ ಹೇಮಶ್ರೀಯ ಕೈ ನಿಂತುಹೋಯಿತು. ತಾಯಿ ಮಂಚಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪನಿಗೆ ತಲೆ ಕೆಟ್ಟಿರಲಿಲ್ಲ. ಡೇರಿಗೆ ಹಾಲು ಹಾಕುತ್ತಿದ್ದ, ಹಸುವಿಗೆ ಮೇವು ಕತ್ತರಿಸುತ್ತಿದ್ದ, ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಹೇಳುತ್ತಿದ್ದ. ಆ ಒಂದು ಸಾವನ್ನು ಮಾತ್ರ ಒಳಗೆ ಬಿಟ್ಟುಕೊಂಡಿರಲಿಲ್ಲ. ಊಟ ಅರ್ಧಕ್ಕೆ ಇಳಿಯಿತು, ಅಂಗಿ ಭುಜದಿಂದ ಜಾರತೊಡಗಿತು. ಹೀಗೇ ಬಿಟ್ಟರೆ ಅಪ್ಪನೂ ಗೆಳೆಯನ ಹಿಂದೆಯೇ ಹೊರಟುಬಿಡುತ್ತಾನೆ ಎಂಬ ಭಯ ಹೇಮಶ್ರೀಯನ್ನು ಹಿಡಿದುಕೊಂಡಿತು. ಪಾಠ ಮಾಡುವಾಗಲೂ ಅದೇ, ಬಸ್ಸಿನಲ್ಲೂ ಅದೇ.

ಅವಳು ಪಾಠ ಮಾಡುತ್ತಿದ್ದದ್ದು ಕೆ.ಆರ್.ಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ, ಗೊಬ್ಬರದಂಗಡಿಯ ಮೇಲಿನ ಮಾಳಿಗೆಯಲ್ಲಿದ್ದ ಕಂಪ್ಯೂಟರ್ ಸೆಂಟರಿನಲ್ಲಿ. ನಾಲ್ಕು ಕಂಪ್ಯೂಟರು, ಅದರಲ್ಲಿ ಬಣ್ಣದ ಪರದೆ ಇದ್ದದ್ದು ಒಂದಕ್ಕೆ. ಆ ಒಂದರ ಮುಂದೆ ಕುಳಿತಾಗ ಅವಳಿಗೆ ಹೊಳೆಯಿತು. ಅಪ್ಪನಿಗೆ ಬೇಕಾದ್ದು ಎದುರಾಳಿ. ರಕ್ಕಸರನ್ನು ಕಂಪ್ಯೂಟರೇ ಆಡಿಸಿದರೆ? ಉಸಿರು ಕಟ್ಟುವ ಗೋಜೂ ಇಲ್ಲ, ಡಾಕ್ಟರ ಮಾತೂ ಉಳಿಯುತ್ತದೆ.

ಮೇಷ್ಟ್ರ ಹೆಂಡತಿ ಕಮಲಮ್ಮನವರಿಂದ ನಿಯಮದ ಪುಸ್ತಕ ಇಸಿದುಕೊಂಡು ಬಂದಳು. ಮುದ್ದಾದ ಅಕ್ಷರಗಳಲ್ಲಿ ನಲವತ್ತೊಂದು ನಿಯಮ. ಒಂದೂವರೆ ತಿಂಗಳು ಸಂಜೆ ಕ್ಲಾಸು ಮುಗಿದ ಮೇಲೆ ಒಂದೊಂದಾಗಿ ಪ್ರೋಗ್ರಾಮಿಗೆ ಇಳಿಸಿದಳು. ಹೊಳೆ ಮರಳು ಹಳದಿಯಾಯಿತು, ಬೆಟ್ಟದ ಬಂಡೆ ಬೂದು ಬಣ್ಣವಾಯಿತು. ಒಂಟಿಗಣ್ಣನಿಗೆ ಕೆಂಪು ಕಣ್ಣು ಇಟ್ಟಳು. ಉಸಿರಿನ ಬದಲು ಪರದೆಯ ಮೇಲುಗಡೆ ಒಂದು ನೀಲಿ ಪಟ್ಟಿ. ಸರದಿ ಬಂದ ಕೂಡಲೇ ಅದು ಟಕ್ ಟಕ್ ಎಂದು ಕರಗಲು ಶುರು. ಅದು ಮುಗಿಯುವುದರೊಳಗೆ ಗುಂಡಿ ಒತ್ತಿ ಕಾಯಿಯನ್ನು ಕಳಿಸಿ ಹಿಂದಕ್ಕೆ ತರಬೇಕು. ಕೊನೆಯವನಿಗೆ ಪಟ್ಟಿ ಎರಡು ಪಟ್ಟು ಉದ್ದ. ಒಂದು ನಿಯಮವನ್ನೂ ಬಿಡಲಿಲ್ಲ, ಒಂದನ್ನೂ ಸೇರಿಸಲಿಲ್ಲ. ಸೆಂಟರಿನ ಮಾಲೀಕ ಕುಮಾರ್ ನೋಡಿ, "ನಿಮ್ ತಲೆಗೆ ಒಂದು ಹಾರ ಹಾಕ್ಬೇಕು ಕಣ್ರೀ ಮೇಡಂ" ಎಂದ.

ಸಂಕ್ರಾಂತಿ ಕಳೆದ ಶನಿವಾರ ಅಪ್ಪನನ್ನು ಕರೆತಂದು ಒಂದು ಸುತ್ತು ಆಡಿಸಿ ತೋರಿಸಿದಳು. ಪರದೆಯ ಮೇಲೆ ಬಂಡೆಬಸವ ಎದ್ದು ನಿಂತಾಗ ಅಪ್ಪನ ಮುಖದಲ್ಲಿ ಎರಡು ತಿಂಗಳಿಂದ ಕಾಣದ ಬೆಳಕು ಕಂಡಿತು. ಹೇಮಶ್ರೀಗೆ ಕಣ್ಣು ತುಂಬಿ ಬಂತು. ಮರುಗಳಿಗೆಯೇ ಇನ್ನೊಂದು ಕಂಡಿತು. ಬಸವ ಗೆರೆ ದಾಟುತ್ತಿದ್ದಂತೆ ಅಪ್ಪನ ತುಟಿ ಅಲ್ಲಾಡುತ್ತಿತ್ತು. ಕತ್ತಿನ ನರ ಉಬ್ಬಿತ್ತು.

"ಅಪ್ಪ, ಉಸಿರು ಕಟ್ಬೇಡ. ಕಂಪ್ಯೂಟರೇ ಕಟ್ಕತದೆ. ನೀನು ಸುಮ್ನೆ ಗುಂಡಿ ಒತ್ತು ಅಂದ್ನಲ್ಲ."

"ಆಟ ಅಂದ್ಮೇಕೆ ಉಸಿರು ಕಟ್ದೆ ಆದದಾ ಮಗ? ಆಯ್ತು ಬುಡು, ಕಟ್ಟಕಿಲ್ಲ."

ಇಪ್ಪತ್ತು ಎಣಿಸುವಷ್ಟು ಹೊತ್ತು, ಅದರಲ್ಲೇನಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ಒಳಗೆ ಏನೋ ಚುರುಕ್ಕೆಂದಿತು. ಆ ಚುರುಕಿಗೆ ಕಿವಿಗೊಡದೆ ಹೋದದ್ದೇ ಅವಳು ಮಾಡಿದ ತಪ್ಪು.

ಭಾನುವಾರ ಸೆಂಟರಿಗೆ ರಜೆ. ಕುಮಾರ್ ಬೀಗದ ಕೈ ಕೊಟ್ಟು ನಾಗಮಂಗಲಕ್ಕೆ ಮದುವೆಗೆ ಹೋಗಿದ್ದ. ಅಪ್ಪ ಇಸ್ತ್ರಿಯ ಅಂಗಿ ತೊಟ್ಟು, ತಲೆ ಬಾಚಿ, ಎಂಟೂವರೆಗೆಲ್ಲ ಕಂಪ್ಯೂಟರಿನ ಮುಂದೆ ಕುಳಿತ. "ನೀನು ಬೆನ್ನಿಂದೆ ನಿಂತ್ಕಂಡ್ರೆ ನಂಗೆ ಆಡಕ್ಕಾಗಲ್ಲ ಕಣವ್ವ, ಓಗು" ಎಂದು ಅಟ್ಟಿದ. ಅವಳಿಗೂ ಶ್ರೀರಂಗಪಟ್ಟಣದಲ್ಲಿ ಕೆಲಸವಿತ್ತು. ಹಲಗೆಯನ್ನೂ ಕಾಯಿಗಳನ್ನೂ ಒಯ್ಯಲು ಕಮಲಮ್ಮ ಹೇಳಿಕಳಿಸಿದ್ದರು. ನಡುವೆ ಕರೆಂಟು ಹೋಗಿ ಆಟ ಕೆಡದಿರಲೆಂದು ಯುಪಿಎಸ್ಸಿನ ಬ್ಯಾಟರಿ ತುಂಬಿದೆಯೇ ಎಂದು ಎರಡು ಸಲ ನೋಡಿ, ನೀರಿನ ಚೊಂಬು, ಮಾತ್ರೆ ಎಲ್ಲ ಪಕ್ಕದಲ್ಲಿಟ್ಟು ಹೊರಟಳು. ಕುರ್ಚಿಯ ಮೇಲೆ ಕುಳಿತ ಮನುಷ್ಯನಿಗೆ ಏನಾದೀತು?

ಶ್ರೀರಂಗಪಟ್ಟಣದ ಮನೆಯಲ್ಲಿ ಕಮಲಮ್ಮ ಕಾಫಿ ಕೊಟ್ಟರು. ಹಳೆಯ ಪಂಚೆಯಲ್ಲಿ ಸುತ್ತಿದ ಹಲಗೆಯನ್ನು ತಂದು ಜಗಲಿಯ ಮೇಲಿಟ್ಟರು. ಎಂದೂ ಆಟದ ಗೊಡವೆಗೆ ಹೋಗದ ಹೆಂಗಸು, ಅವತ್ತು ಮಾತ್ರ ಕುತೂಹಲದಿಂದ ಕೇಳಿದರು. ಹೇಮಶ್ರೀ ಹೆಮ್ಮೆಯಿಂದಲೇ ಒಂದೊಂದನ್ನೂ ವಿವರಿಸಿದಳು. ನಲವತ್ತೊಂದು ನಿಯಮ, ನೀಲಿ ಪಟ್ಟಿ, ಕೆಂಪು ಕಣ್ಣು.

"ಎಲ್ಲಾ ಸರಿ. 'ಸಾಕು' ಅನ್ನೋದನ್ನ ಹೇಗಮ್ಮ ಹಾಕ್ದೆ ಅದರಲ್ಲಿ?" ಎಂದರು ಕಮಲಮ್ಮ.

"ಯಾವ ಸಾಕು, ಅಮ್ಮ?"

"ಅದೇ ಕಣೆ, ಕೊನೇ ಗೌಡ ಒಬ್ಬನೇ ಉಳ್ಕೊಂಡಾಗ. ನಿಮ್ಮಪ್ಪ ಉಸಿರು ಕಟ್ಟಿ ಹೊರಟ ಅಂದ್ರೆ ಇವರು ಹಲಗೆ ಕಡೆ ನೋಡ್ತಾನೇ ಇರ್ಲಿಲ್ಲ. ಅವನ ಮುಖಾನೇ ನೋಡ್ತಾ ಕೂತಿರೋರು. ಬಣ್ಣ ಬದಲಾಯ್ತೋ ಇಲ್ವೋ, 'ಸಾಕು' ಅಂದ್ಬಿಡೋರು. ಇವರು ಸಾಕು ಅಂದ್ರೆ ಅವನು ಕಾಯಿ ಕೆಳಗಿಡ್ತಿದ್ದ. ಆಟ ಸಮ. ಇಪ್ಪತ್ತೆಂಟು ವರ್ಷದಲ್ಲಿ ಆ ಗಾಳಿಗೌಡ ಒಂದ್ಸಲಾನೂ ಸತ್ತಿಲ್ಲ."

ಹೇಮಶ್ರೀ ಲೋಟ ಕೆಳಗಿಟ್ಟಳು. "ಪುಸ್ತಕದಲ್ಲಿ ಇಲ್ವಲ್ಲ ಅದು?"

"ಅದನ್ನೆಲ್ಲ ಬರೀತಾರೇನೆ? ಊಟಕ್ಕೆ ಕೂತೋರಿಗೆ ನೀರಿಡ್ಬೇಕು ಅಂತ ಯಾರಾದ್ರೂ ಬರ್ಕೊಂಡಿರ್ತಾರಾ?"

"ಅನ್ನದೆ ಇದ್ರೆ? ಸಾಕು ಅನ್ನದೆ ಹೋದ್ರೆ ಏನ್ಮಾಡ್ತಿದ್ರು ಅಪ್ಪ?"

ಕಮಲಮ್ಮ ನಕ್ಕರು. ಪಾಪ, ಅವರಿಗೇನು ಗೊತ್ತು! "ಒಂದೇ ಒಂದ್ಸಲ ಇವರು ಅನ್ನೋದು ತಡವಾಯ್ತು. ಯಾರೋ ಬಾಗಿಲಿಗೆ ಬಂದು ಕೂಗಿದ್ರು, ತಿರುಗಿ ನೋಡಿದ್ರು, ಅಷ್ಟೆ. ನಿಮ್ಮಪ್ಪ ಕಣ್ಣುಕತ್ತಲೆ ಬಂದು ನಾಗಮಂಗಲದ ಮನೆ ಜಗಲಿ ಮೇಲಿಂದ ಉರುಳಿಬಿಟ್ಟ, ಅವತ್ತಿನ ಆಟಾನ ಲೆಕ್ಕಕ್ಕೇ ಇಡ್ಲಿಲ್ಲ. ಆಗ ಕಲ್ಲುಗುಂಡಿನ ಹಾಗಿದ್ದ, ನೀನಿನ್ನೂ ತೊಟ್ಟಿಲಲ್ಲಿದ್ದೆ. ಹಟಮಾರಿ ಮನುಷ್ಯ ಕಣಮ್ಮ. ಸಾಕು ಅನ್ನೋ ತನಕ ಉಸಿರು ಬಿಡೋನಲ್ಲ."

ಹೇಮಶ್ರೀಯ ಕಣ್ಣ ಮುಂದೆ ಆ ನೀಲಿ ಪಟ್ಟಿ ಬಂತು. ಎರಡು ಪಟ್ಟು ಉದ್ದದ ಪಟ್ಟಿ. ನಲವತ್ತು ಸೆಕೆಂಡು. ಅದನ್ನು ಅಳೆದು ಕೂರಿಸಿದವಳು ತಾನೇ. ಪರದೆಯ ಮೇಲೆ ಕೊನೆಯವನು, ಪರದೆಯ ಮುಂದೆ ಕತ್ತಿನ ನರ ಉಬ್ಬಿಸಿಕೊಂಡ ಅಪ್ಪ. ಎದುರಿಗೆ ಮುಖ ನೋಡುವ ಕಣ್ಣೇ ಇಲ್ಲದ ಯಂತ್ರ. ಒಂಟಿಗಣ್ಣನಿಗೆ ಕಣ್ಣಿಟ್ಟವಳು ಅದಕ್ಕೆ ನೋಡುವುದನ್ನು ಕಲಿಸಲಿಲ್ಲ. ಗೋಡೆಯ ಗಡಿಯಾರ ನೋಡಿದಳು. ಹನ್ನೊಂದು. ಅಪ್ಪ ಗುಂಡಿ ಹುಡುಕಿ ಹುಡುಕಿ ಒತ್ತುವವನು, ನಾಲ್ಕನೆಯ ಸುತ್ತಿಗೆ ಬರಲು ಹನ್ನೆರಡಾದೀತು, ಹೆಚ್ಚೆಂದರೆ ಹನ್ನೆರಡೂವರೆ.

ಏನು ಹೇಳಿದಳೋ, ಹೇಗೆ ಎದ್ದಳೋ ಅವಳಿಗೆ ನೆನಪಿಲ್ಲ. ಹಲಗೆಯನ್ನು ಕಂಕುಳಲ್ಲಿ ಅವುಚಿಕೊಂಡು ಎಸ್‌ಟಿಡಿ ಬೂತಿಗೆ ಓಡಿದಳು. ಸೆಂಟರಿಗೆ ಬೇರೆ ಫೋನಿರಲಿಲ್ಲ. ಕೆಳಗಿನ ಗೊಬ್ಬರದಂಗಡಿಯದೇ ನಂಬರು, ಅದಕ್ಕೂ ಭಾನುವಾರ ಬಾಗಿಲು. ಗೊತ್ತಿದ್ದೂ ಮಾಡಿದಳು. ಬೀಗ ಹಾಕಿದ ಅಂಗಡಿಯೊಳಗೆ ಫೋನು ಒಂದೇ ಸಮನೆ ಹೊಡೆದುಕೊಳ್ಳುವುದು ಕಿವಿಗೆ ಬಿತ್ತು. ಅದರ ಮೇಲಿನ ಮಾಳಿಗೆಯಲ್ಲೇ ಅಪ್ಪ ಇದ್ದಾನೆ, ಆ ಗಂಟೆ ಅವನಿಗೂ ಕೇಳುತ್ತಿರಬಹುದು, ತನಗಾಗಿ ಎಂದು ಅವನಿಗೆ ಹೇಗೆ ತಿಳಿಯಬೇಕು? ಕುಮಾರನ ಮನೆಗೆ ಮಾಡಿದಳು. ಅವನ ತಾಯಿ ಮಾಯಮ್ಮ ಎತ್ತಿಕೊಂಡು, "ಯಾರು? ಕುಮಾರ ಮದ್ವೆಗೋಗವ್ನೆ, ಸಂದ್ಗೆ ಬತ್ತಾನೆ" ಎಂದು, ಇವಳು ಅರಚಿದ್ದು ಕಿವಿಗೆ ಹೋಗದೆ ಇಟ್ಟುಬಿಟ್ಟಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸಿಕ್ಕಿತು. ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಬಸ್ಸು ಬಾಬುರಾಯನಕೊಪ್ಪಲಿನವರನ್ನೆಲ್ಲ ಕಾದು ಹತ್ತಿಸಿಕೊಂಡು ಹೊರಡುವಷ್ಟರಲ್ಲಿ ಅವಳ ಜೀವ ಅರ್ಧವಾಗಿತ್ತು. ಪಾಂಡವಪುರದ ರೈಲ್ವೆ ಗೇಟು ಹಾಕಿತ್ತು. ಗೇಟು ತೆರೆದರೆ ಕಬ್ಬಿನ ಗಾಡಿಗಳ ಸಾಲು. ಒಂದು ಟ್ರಾಕ್ಟರು ರಸ್ತೆಗೆ ಅಡ್ಡ ನಿಂತು, ಮೇಲಿನ ಕಬ್ಬು ಜಾರಿ, ಇಬ್ಬರು ಆರಾಮಾಗಿ ಮತ್ತೆ ಜೋಡಿಸುತ್ತಿದ್ದರು. ಬಸ್ಸಿನ ಜನ ಇಳಿದು ಕಬ್ಬು ಮುರಿದುಕೊಂಡು ಸಿಗಿದು ತಿನ್ನತೊಡಗಿದರು. ಹೇಮಶ್ರೀ ಸೀಟಿನಿಂದ ಎದ್ದಳು.

"ಸ್ವಲ್ಪ ಬೇಗ ಬುಡ್ಸಿ ಸಾರ್, ನಮ್ಮಪ್ಪಂಗೆ ಉಸಾರಿಲ್ಲ" ಎಂದು ಕಂಡಕ್ಟರನ ಹತ್ತಿರ ಗೋಗರೆದಳು.

"ಆಸ್ಪತ್ರೇಲವ್ರಾ?"

"ಇಲ್ಲ. ಆಟ ಆಡ್ತಾವ್ರೆ."

ಕಂಡಕ್ಟರು ಅವಳನ್ನು ಒಂದು ಥರ ನೋಡಿ ಮುಂದಕ್ಕೆ ಹೋದ. ತಪ್ಪು ಅವನದಲ್ಲ. ಯಾರ ಮುಂದೆ ಹೇಳಿಕೊಂಡರೂ ನಗುವಂಥ ಹೆದರಿಕೆ ಅದು. ನಗುವಂಥದ್ದಾದ್ದರಿಂದಲೇ ಅವಳು ಅದನ್ನು ಒಬ್ಬಳೇ ಹೊರಬೇಕಾಗಿತ್ತು.

ವಾಚಿನಲ್ಲಿ ಹನ್ನೆರಡು ಕಳೆಯಿತು. ಈಗ ನಾಲ್ಕನೆಯ ಸುತ್ತು ಶುರುವಾಗಿರುತ್ತದೆ. ಕುಂಟೀರ ಸತ್ತ. ಬಂಡೆಬಸವ ಸತ್ತ. ಲೆಕ್ಕ ಹಾಕಬಾರದೆಂದರೂ ಮನಸ್ಸು ಹಾಕುತ್ತಿತ್ತು. ರಕ್ಕಸರನ್ನು ಸುಲಭದಲ್ಲಿ ಸೋಲದ ಹಾಗೆ ಬರೆದವಳು ಅವಳೇ. ಅಪ್ಪನಿಗೆ ಆಟ ಸಪ್ಪೆಯೆನಿಸಬಾರದಲ್ಲ! ಕೆ.ಆರ್.ಪೇಟೆಯ ಕರೆಂಟು ದಿನಕ್ಕೆ ನಾಲ್ಕು ಸಲ ಹೋಗುತ್ತಿತ್ತು, ಪ್ರತಿಸಲವೂ ಅವಳು ಶಾಪ ಹಾಕುತ್ತಿದ್ದಳು. ಇವತ್ತು ಅದೇ ಬಾಯಲ್ಲಿ, ದೇವರೇ ಈಗಲೇ ಕರೆಂಟು ತೆಗೆಯಪ್ಪ ಎಂದು ಬೇಡಿಕೊಂಡಳು. ಬೇಡಿಕೊಂಡ ಮೇಲೆ ಯುಪಿಎಸ್ಸು ನೆನಪಾಯಿತು. ಅರ್ಧ ಗಂಟೆ ಸಾಕಾಗುವಷ್ಟು ಬ್ಯಾಟರಿ ತುಂಬಿಸಿಟ್ಟು ಬಂದಿದ್ದಳು. ಕರೆಂಟು ಹೋದರೂ ಆಟ ನಿಲ್ಲುವುದಿಲ್ಲ. ಎಲ್ಲ ಬಾಗಿಲನ್ನೂ ತಾನೇ ಒಂದೊಂದಾಗಿ ಹಾಕಿ ಬಂದಂತಾಗಿತ್ತು. ಹಲಗೆಯ ಮೇಲೆ ಹಣೆಯಿಟ್ಟಳು. ಪಂಚೆಯೊಳಗೆ ಕಾಯಿಗಳು ಬಸ್ಸು ಕುಲುಕಿದ ಹಾಗೆಲ್ಲ ಲಟಲಟ ಎನ್ನುತ್ತಿದ್ದವು.

ಕೆ.ಆರ್.ಪೇಟೆಯಲ್ಲಿ ಇಳಿದಾಗ ಒಂದೂಕಾಲು. ಇಳಿಯುವಾಗಲೇ ಎರಡು ಅಂಗಡಿಗಳ ಜನರೇಟರು ಬಡಿದುಕೊಳ್ಳುವುದು ಕೇಳಿತು. ಕರೆಂಟು ಹೋಗಿದೆ. ಗೊಬ್ಬರದಂಗಡಿಯ ಪಕ್ಕದ ಮೆಟ್ಟಿಲಿಗೆ ಓಡಿದಳು. ಹಲಗೆಯನ್ನು ಅವುಚಿಕೊಂಡೇ ಹತ್ತಿದಳು. ಅರ್ಧ ಹತ್ತುವಷ್ಟರಲ್ಲಿ ಯುಪಿಎಸ್ಸು ಕೂಗುವುದು ಕೇಳಿಸಿತು. ಕೀಂ. ಸ್ವಲ್ಪ ಹೊತ್ತು. ಮತ್ತೆ ಕೀಂ. ಬೇರೆ ಸದ್ದಿಲ್ಲ. ಗುಂಡಿ ಒತ್ತುವ ಸದ್ದಿಲ್ಲ. ಕಬಡ್ಡಿ ಎನ್ನುವ ದನಿಯಿಲ್ಲ.

"ಅಪ್ಪ!" ಎಂದಳು. ಉತ್ತರ ಬರಲಿಲ್ಲ.

ಬಾಗಿಲು ಅವಳು ಒರಗಿಸಿ ಹೋಗಿದ್ದ ಹಾಗೇ ಇತ್ತು. ಅದನ್ನು ತಳ್ಳಲು ಅವಳಿಗೆ ಕೈ ಬರಲಿಲ್ಲ. ತಳ್ಳದಿರುವವರೆಗೂ ಅಪ್ಪ ಇದ್ದಾನೆ. ಆ ಕ್ಷಣದಲ್ಲಿ, ತೀರ್ಥಯಾತ್ರೆಗೆ ಹೋಗಿದ್ದಾನೆ ಎಂದು ಅಪ್ಪ ಯಾಕೆ ಹೇಳುತ್ತಿದ್ದನೆಂದು ಅವಳಿಗೆ ಸಂಪೂರ್ಣವಾಗಿ ಅರ್ಥವಾಯಿತು. ಯುಪಿಎಸ್ಸು ಇನ್ನೊಂದು ಸಲ ಕೂಗಿತು. ತಳ್ಳಿದಳು.

ಅಪ್ಪ ಕುರ್ಚಿಯಲ್ಲಿದ್ದ. ಬೆನ್ನು ಅವಳ ಕಡೆಗಿತ್ತು, ತಲೆ ಒಂದು ಪಕ್ಕಕ್ಕೆ ವಾಲಿತ್ತು. ಪರದೆ ಉರಿಯುತ್ತಿತ್ತು. ನಾಗಮಂಗಲದ ಮೈದಾನದಲ್ಲಿ ಊರಿನವರು ಏಳೂ ಜನ ಅಡ್ಡ ಮಲಗಿದ್ದರು. ಎಲ್ಲರಿಗಿಂತ ಹಿಂದೆ, ಮನೆಯ ಗೆರೆಯ ಹತ್ತಿರ, ಗಾಳಿಗೌಡ.

ಹಲಗೆ ಅವಳ ಕೈಯಿಂದ ಜಾರಿ ದಢಾರನೆ ಬಿತ್ತು. ಕಾಯಿಗಳು ನೆಲದ ತುಂಬ ಉರುಳಿದವು. ಆ ಸದ್ದಿಗೆ ಅಪ್ಪನ ತಲೆ ನಿಧಾನವಾಗಿ ತಿರುಗಿತು.

"ಬಂದ್ಯಾ ಮಗ" ಎಂದ.

ಓಡಿಹೋಗಿ ಅವನ ಮುಂದೆ ಮಂಡಿಯೂರಿ ಮುಖ ಮುಟ್ಟಿದಳು, ಕತ್ತು ಮುಟ್ಟಿದಳು, ಕೈ ಹಿಡಿದು ನಾಡಿ ನೋಡಿದಳು. ಮುಖ ಬೂದಿಬಣ್ಣಕ್ಕೆ ತಿರುಗಿತ್ತು, ಆದರೆ ಮೈ ಬೆವೆತಿರಲಿಲ್ಲ. ನಾಡಿ ಒಂದೇ ಸಮ ಹೊಡೆಯುತ್ತಿತ್ತು.

"ಉಸಿರು ಕಟ್ಟಿದ್ಯಾ ಅಪ್ಪ? ಎದೆ ನೋಯ್ತದಾ? ಯೋಳು, ಎಲ್ ನೋಯ್ತದೆ?"

"ನೋಯಾಕಿಲ್ಲ. ಉಸಿರು ಕಟ್ನೇ ಇಲ್ಲ ಕಣವ್ವ."

"ಮತ್ತೆ ಗೌಡ?"

ಅಪ್ಪ ಪರದೆಯ ಕಡೆ ನೋಡಿದ.

"ಉಳ್ದೋರ್ಗೆಲ್ಲ ಕಟ್ದೆ, ಸುಳ್ಯಾಕೆ ಯೋಳ್ಲಿ. ಸಣ್ ಉಸಿರು. ಗೌಡನ ಸರ್ದಿ ಬಂತು. ಓದ್ ವರ್ಷ ನಂಗಿಂಗೆ ಎದೆ ನೋವು ಬಂತಲ್ಲ, ಅವತ್ನಿಂದ ಮೂರ್ತಿ ಗೌಡಂಗೆ ಉಸಿರೆಳ್ಕಳಕ್ಕೇ ಬುಡ್ತಿರ್ನಿಲ್ಲ. ನಾನು ಕಾಯಿ ಮೇಲೆ ಕೈ ಇಡ್ತಿದ್ದಂಗೇ ಸಾಕು ಅಂದ್ಬುಡೋನು. ಇವತ್ತೂ ಕೈ ಇಟ್ಟೆ." ಅವನ ಬೆರಳು ಗುಂಡಿಯ ಮೇಲೆಯೇ ಇತ್ತು. "ಕಾದೆ. ಆ ನೀಲಿದು ಕರಗ್ತಾ ಇತ್ತು, ನಾನು ಕಾಯ್ತಾನೇ ಇದ್ದೆ. ಅನ್ತಾನೆ, ಈಗ ಅನ್ತಾನೆ ಅಂತ. ಎಲ್ಲಾ ಕರಗೋಯ್ತು. ಅನ್ನಲಿಲ್ಲ."

ಯುಪಿಎಸ್ಸು ಕೂಗಿತು. ಅಪ್ಪ ಅವಳ ಕಡೆ ತಿರುಗಿದ. ಊರಿಗೆಲ್ಲ ಗೊತ್ತಿರುವ ಸುದ್ದಿಯನ್ನು ಅವಳಿಗೆ ಮೊದಲ ಸಲ ಮುಟ್ಟಿಸುವವನ ಹಾಗೆ ಇನ್ನೊಂದು ಕೈಯಲ್ಲಿ ಅವಳ ಕೈ ಹಿಡಿದುಕೊಂಡ.

"ಮೂರ್ತಿ ಸತ್ತೋಗವ್ನೆ ಕಣವ್ವ" ಎಂದ.

ಆಮೇಲೆ ಅವನು ಅತ್ತ. ಎರಡು ತಿಂಗಳು ಕಟ್ಟಿಟ್ಟದ್ದು ಒಂದೇ ಸಲಕ್ಕೆ ಒಡೆದು ಬಂತು. ಮೊದಲು ದನಿಯೇ ಇರಲಿಲ್ಲ, ಬಾಯಿ ತೆರೆದಿತ್ತು ಅಷ್ಟೆ. ಆಮೇಲೆ ಬಂದ ದನಿಗೆ ಕೆಳಗಿನ ರಸ್ತೆಯಲ್ಲಿ ಯಾರೋ ನಿಂತು ಮೇಲೆ ನೋಡಿದರು. ಬಿಕ್ಕಿ ಬಿಕ್ಕಿ, ಒಂದು ಬಿಕ್ಕಿಗೂ ಇನ್ನೊಂದಕ್ಕೂ ನಡುವೆ ಉಸಿರೇ ಇಲ್ಲದಂತೆ ಅತ್ತ.

ಹೇಮಶ್ರೀಯನ್ನು ಬಿಟ್ಟು ಹೋಗಿದ್ದ ಹೆದರಿಕೆ ಹಾಗೇ ತಿರುಗಿ ಬಂತು. ಇದು ಎದೆಗೆ ಒಳ್ಳೆಯದೋ ಕೆಟ್ಟದ್ದೋ, ಡಾಕ್ಟರು ಹೇಳಿರಲಿಲ್ಲ. ಅಳಲು ಬಿಡಬೇಕು, ಬಿಡದಿದ್ದರೆ ಇವನು ಉಳಿಯುವುದಿಲ್ಲ. ಬಹಳ ಬಿಡಬಾರದು, ಬಿಟ್ಟರೂ ಉಳಿಯುವುದಿಲ್ಲ. ಎಷ್ಟು ಎಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ಮಾಡಬಹುದಾದದ್ದು ಒಂದೇ ಇತ್ತು. ಕಣ್ಣು ಕೀಳದೆ ಅಪ್ಪನ ಮುಖವನ್ನೇ ನೋಡುತ್ತ ಕುಳಿತಳು. ಕೆನ್ನೆ ಕೆಂಪಾದದ್ದು ನೋಡಿದಳು. ಕತ್ತಿನ ನರ ಎದ್ದದ್ದು ನೋಡಿದಳು. ಆ ಜಗಲಿಯ ಮೇಲೆ ಪ್ರತಿ ಭಾನುವಾರ ಮೇಷ್ಟ್ರು ಎಷ್ಟು ಹೆದರಿಕೊಂಡು ಕೂರುತ್ತಿದ್ದರೋ ಎಂದುಕೊಂಡಳು. ಯುಪಿಎಸ್ಸು ಉದ್ದಕ್ಕೆ ಕೂಗಿ ನಿಂತಿತು, ಪರದೆ ಆರಿತು. ಅವಳು ಅತ್ತ ತಿರುಗಲಿಲ್ಲ.

ಅಪ್ಪನ ತುಟಿಯ ಅಂಚು ತುಸು ನೀಲಿಗೆ ತಿರುಗಿದಂತೆ ಕಂಡಿತು.

"ಸಾಕು, ಅಪ್ಪ" ಎಂದಳು.

ಚಲುವರಾಜು ಅರ್ಧ ಬಿಕ್ಕಿನಲ್ಲೇ ಅಳು ನಿಲ್ಲಿಸಿದ. ಕಣ್ಣು ಅಗಲ ಮಾಡಿ ಅವಳನ್ನು ನೋಡಿದ. ಆಮೇಲೆ ಗುಂಡಿಯ ಮೇಲಿನ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡು, ಉದ್ದಕ್ಕೆ ಒಂದು ಉಸಿರು ಎಳೆದುಕೊಂಡ.